ಗೋಡೆಗೆ ಸುತ್ತಿಗೆ ಬೀಳುವ ಮುನ್ನ

ಬೆಂಗಳೂರಿನ ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅಡ್ಡರಸ್ತೆಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. ಯಾವುದಾದರೊಂದು ಹಳೆಯ ಮನೆಯ ಮುಂದೆ ಮರಳಿನ ಗುಡ್ಡೆ, ಹಸಿರು ಬಲೆಯ ಪರದೆ, ಬಿಚ್ಚಿಟ್ಟ ಬಾಗಿಲು ಚೌಕಟ್ಟುಗಳು ಕಣ್ಣಿಗೆ ಬೀಳದೆ ಇರಲಾರವು. ಒಳಗಿನಿಂದ ಸುತ್ತಿಗೆಯ ಸದ್ದು. ಗೇಟಿನ ಬಳಿ ಕೈಯಲ್ಲೊಂದು ಡೈರಿ ಹಿಡಿದು, ಕಿವಿಗೆ ಫೋನು ಆನಿಸಿಕೊಂಡು ಇಪ್ಪತ್ತೈದರ ಆಸುಪಾಸಿನ ಹುಡುಗನೋ ಹುಡುಗಿಯೋ ನಿಂತಿರುತ್ತಾರೆ. ಅವರು ಮನೆಯ ಯಜಮಾನರಲ್ಲ, ಆರ್ಕಿಟೆಕ್ಟರಲ್ಲ, ಮೇಸ್ತ್ರಿಯೂ ಅಲ್ಲ. ಆದರೆ 'ಈಗ ಏನು ಮಾಡೋಣ?' ಎಂದು ಆ ಮೂವರೂ ಕೇಳುವುದು ಇವರನ್ನೇ.

ಇವರಿಗೆ ಸೈಟ್ ಎಂಜಿನಿಯರ್ ಎನ್ನಿ, ಸೂಪರ್‌ವೈಸರ್ ಎನ್ನಿ, ಪ್ರಾಜೆಕ್ಟ್ ಮ್ಯಾನೇಜರ್ ಎನ್ನಿ. ಹೆಸರು ಸಂಬಳಕ್ಕೆ ತಕ್ಕಂತೆ ಬದಲಾಗುತ್ತದೆ, ಕೆಲಸ ಬದಲಾಗುವುದಿಲ್ಲ. ಅಜ್ಜ ಕಟ್ಟಿಸಿದ ಮನೆಯನ್ನು ಕೆಡವಲು ಮನಸ್ಸಿಲ್ಲದ, ಆದರೆ ಇಟಲಿಯ ಅಮೃತಶಿಲೆ, ಕಣ್ಣಿಗೆ ಕಾಣದ ತಂತಿಯ ದೀಪಗಳು, ಕೋಣೆಗೊಂದು ಸ್ನಾನಗೃಹ ಬೇಕೆನ್ನುವ ಅನುಕೂಲಸ್ಥರು ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಈಗ ಬಹಳ ಮಂದಿ ಇದ್ದಾರೆ. ಹೊಸ ಮನೆಗೆ ತಗಲುವಷ್ಟೇ ಹಣವನ್ನು ಹಳೆಯ ಮನೆಯ ಮೇಲೆ ಸುರಿಯಲು ಅವರು ಸಿದ್ಧ. ಆ ಹಣಕ್ಕೆ, ಆ ಮನೆಗೆ, ಅಲ್ಲಿ ದುಡಿಯುವ ಇಪ್ಪತ್ತು ಮೂವತ್ತು ಜನರ ಜೀವಕ್ಕೆ ದಿನವಿಡೀ ಕಾವಲು ನಿಲ್ಲುವವರು ಯಾರು? ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವ ಮಕ್ಕಳೂ ಅವರ ಪಾಲಕರೂ ಈ ಕೆಲಸವನ್ನೊಮ್ಮೆ ಹತ್ತಿರದಿಂದ ನೋಡಬಹುದು.

ಹೊಸ ಕಟ್ಟಡಕ್ಕೂ ಹಳೆಯ ಮನೆಯ ನವೀಕರಣಕ್ಕೂ ಇರುವ ವ್ಯತ್ಯಾಸ ಮೇಲುನೋಟಕ್ಕೆ ತಿಳಿಯುವಂಥದ್ದಲ್ಲ. ಹೊಸ ಮನೆ ಖಾಲಿ ನಿವೇಶನದಿಂದ ಆರಂಭವಾಗುತ್ತದೆ. ಪಾಯ ಎಷ್ಟು ಆಳ, ಕಂಬದಲ್ಲಿ ಎಷ್ಟು ಕಬ್ಬಿಣ ಎಂಬುದೆಲ್ಲ ಕಾಗದದ ಮೇಲಿರುತ್ತದೆ. ಹಳೆಯ ಮನೆಯ ನಕ್ಷೆ ಬಹುಪಾಲು ಕಳೆದುಹೋಗಿರುತ್ತದೆ. ಇದ್ದರೂ ನಡುವೆ ಮೂರು ಸಲ ಕೋಣೆ ಸೇರಿಸಿ, ವರಾಂಡ ಮುಚ್ಚಿ, ಮಹಡಿ ಏರಿಸಿದ ಲೆಕ್ಕ ಅದರಲ್ಲಿರುವುದಿಲ್ಲ. ಆದ್ದರಿಂದ ಇಲ್ಲಿ ಮೊದಲ ಕೆಲಸ ಕಟ್ಟುವುದೂ ಅಲ್ಲ, ಒಡೆಯುವುದೂ ಅಲ್ಲ. ಮನೆ ಯಾವುದರ ಮೇಲೆ ನಿಂತಿದೆ ಎಂದು ಕಂಡುಹಿಡಿಯುವುದು.

ಮಾಳಿಗೆಯ ಒಳಗುಟ್ಟು

ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಹುಟ್ಟಿದ್ದು 1890ರ ದಶಕದಲ್ಲಿ. 1898ರ ಪ್ಲೇಗು ಪೇಟೆಯ ಜನರನ್ನು ಅತ್ತ ತಳ್ಳಿತು. ಅಲ್ಲಿಂದ ಮುಂದೆ ಹಲವು ದಶಕಗಳ ಕಾಲ ಕಟ್ಟಿದ ಮನೆಗಳಲ್ಲಿ ಇಳಿಜಾರು ಸೂರಿಗೆ ಮಂಗಳೂರು ಹೆಂಚು, ಸಮತಟ್ಟು ಮಾಳಿಗೆಗೆ 'ಮದ್ರಾಸ್ ಟೆರೇಸ್' ಬಳಕೆಯಲ್ಲಿದ್ದವು. ಹೆಂಚಿನ ಕಥೆ ಬಹಳ ಜನಕ್ಕೆ ಗೊತ್ತು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದರು. ಮದ್ರಾಸ್ ಟೆರೇಸಿನ ಕಥೆ ಮಾತ್ರ ಈಗಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲೂ ಎಷ್ಟೋ ಜನಕ್ಕೆ ತಿಳಿಯದು.

ಗೋಡೆಯಿಂದ ಗೋಡೆಗೆ ತೇಗದ ಜಂತೆಗಳನ್ನು ಹತ್ತಿರ ಹತ್ತಿರ ಇಡುತ್ತಿದ್ದರು. ಅದರ ಮೇಲೆ ಅಂಗೈಯಷ್ಟರ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸುತ್ತಿದ್ದರು. ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣ ಬೆರೆಸಿದ ಕಾಂಕ್ರೀಟು. ಅದನ್ನು ಸುರಿದು ಬಿಟ್ಟರೆ ಮುಗಿಯಲಿಲ್ಲ. ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯಬೇಕು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಚಿಮುಕಿಸುತ್ತಿರಬೇಕು. ಕೊನೆಗೆ ಚಪ್ಪಟೆ ಬಿಲ್ಲೆ ಹಾಸಿ ಸಂದು ಮುಚ್ಚುತ್ತಿದ್ದರು. ಕಬ್ಬಿಣದ ಒಂದು ಸರಳೂ ಇಲ್ಲದ ಇಂಥ ಮಾಳಿಗೆಗಳು ನೂರು ವರ್ಷ ದಾಟಿಯೂ ಗಟ್ಟಿಯಾಗಿ ನಿಂತಿವೆ.

ಆದರೆ ಒಂದು ಷರತ್ತಿದೆ. ಜಂತೆಯ ಎರಡೂ ತುದಿ ಕೂತಿರುವ ಗೋಡೆಗಳನ್ನು ಮುಟ್ಟಬಾರದು. ಈಗಿನ ಅಪಾರ್ಟ್‌ಮೆಂಟುಗಳಲ್ಲಿ ಭಾರ ಹೊರುವುದು ಕಂಬ ಮತ್ತು ತೊಲೆ. ನಡುವಿನ ಗೋಡೆ ಬರೀ ಮರೆ. ಹಳೆಯ ಮನೆಯಲ್ಲಿ ಗೋಡೆಯೇ ಕಂಬ. ಹಾಲ್ ದೊಡ್ಡದಾಗಿ ಕಾಣಲೆಂದು ನಡುಮನೆಯ ಗೋಡೆ ತೆಗೆಸಿಬಿಡಿ ಎಂದು ಯಜಮಾನರು ಹೇಳಿದಾಗ ಎರಡು ಮಾತಿಲ್ಲದೆ ಸುತ್ತಿಗೆ ಎತ್ತಿಸುವ ಸೂಪರ್‌ವೈಸರ್ ಇಡೀ ಮಾಳಿಗೆಯನ್ನೇ ಅಪಾಯಕ್ಕೆ ಒಡ್ಡುತ್ತಾನೆ.

ಇದು ಹೆದರಿಸಲು ಹೇಳುವ ಮಾತಲ್ಲ. ಮುಂಬೈನ ಘಾಟ್‌ಕೋಪರ್‌ನಲ್ಲಿ 2017ರ ಜುಲೈ 25ರಂದು ನಾಲ್ಕಂತಸ್ತಿನ ವಸತಿ ಕಟ್ಟಡವೊಂದು ಕುಸಿದು 17 ಮಂದಿ ಸತ್ತರು. ನೆಲಮಹಡಿಯಲ್ಲಿ ನವೀಕರಣ ನಡೆದಿತ್ತು. ಭಾರ ಹೊತ್ತ ಭಾಗಗಳಿಗೆ ಕೈಹಾಕಿದ್ದೇ ಕಾರಣ ಎಂಬ ಆರೋಪದ ಮೇಲೆ ಮೊಕದ್ದಮೆ ದಾಖಲಾಯಿತು. ಸತ್ತವರಲ್ಲಿ ಹೆಚ್ಚಿನವರು ಆ ಕೆಲಸಕ್ಕೆ ಏನೇನೂ ಸಂಬಂಧವಿಲ್ಲದೆ ಮೇಲಿನ ಮನೆಗಳಲ್ಲಿ ವಾಸವಾಗಿದ್ದವರು.

ಗೋಡೆ ತೆಗೆಯಲೇಬೇಕೆಂದರೆ ದಾರಿ ಇಲ್ಲವೆ? ಇದೆ. ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಬಂದು ಲೆಕ್ಕ ಹಾಕಿ ಬರೆದುಕೊಡಬೇಕು. ಗೋಡೆಯ ಎರಡೂ ಬದಿಯಲ್ಲಿ ಉಕ್ಕಿನ ಆಸರೆ ಕಂಬ ನಿಲ್ಲಿಸಿ ಮಾಳಿಗೆಯ ಭಾರವನ್ನು ಅದಕ್ಕೆ ವರ್ಗಾಯಿಸಬೇಕು. ಗೋಡೆಯನ್ನು ಮೇಲಿನಿಂದ ಸ್ವಲ್ಪಸ್ವಲ್ಪವೇ ಬಿಚ್ಚಿ ಉಕ್ಕಿನ ತೊಲೆ ಕೂರಿಸಿ, ಗಾರೆ ಬಲಿಯುವವರೆಗೆ ಆಸರೆ ತೆಗೆಯದೆ ಕಾಯಬೇಕು. ಎರಡು ದಿನದ ಕೆಲಸಕ್ಕೆ ಎರಡು ವಾರ ಹಿಡಿಯುತ್ತದೆ. ಆ ಎರಡು ವಾರವನ್ನು ಯಜಮಾನರಿಂದ ಕೇಳಿ ಪಡೆಯುವುದೂ ಸೈಟ್ ಎಂಜಿನಿಯರ್‌ನ ಕೆಲಸವೇ.

ನಡುಮನೆಯಲ್ಲಿ ಆನೆ

ಶಾಲೆಯಲ್ಲಿ ಗಣಿತ ಯಾಕೆ ಕಲಿಯಬೇಕೆಂದು ಕೇಳುವ ಮಕ್ಕಳಿಗೆ ಈ ಲೆಕ್ಕ ಕೊಟ್ಟು ನೋಡಿ. ಮಹಡಿಯ ಮೇಲಿನ ಹಾಲ್ 15 ಅಡಿ ಅಗಲ, 20 ಅಡಿ ಉದ್ದ. ಹಳೆಯ ಕೆಂಪು ಗಾರೆ ನೆಲದ ಮೇಲೆಯೇ ಅಮೃತಶಿಲೆ ಹಾಸಬೇಕೆಂದು ಯಜಮಾನರ ಆಸೆ. ಕಲ್ಲಿನ ದಪ್ಪ 20 ಮಿಲಿಮೀಟರ್ ಎಂದಿಟ್ಟುಕೊಂಡರೆ ಚದರ ಅಡಿಗೆ ಸುಮಾರು 5 ಕಿಲೊ. ಅದರ ಅಡಿಯಲ್ಲಿ ಎರಡು ಅಂಗುಲ ಗಾರೆ ಹಾಸಿದರೆ ಇನ್ನೊಂದು 9 ಕಿಲೊ. 300 ಚದರ ಅಡಿಗೆ ಗುಣಿಸಿದರೆ 4 ಟನ್ನಿಗೂ ಹೆಚ್ಚು. ಜಂಬೂಸವಾರಿಯ ಆನೆಯೊಂದನ್ನು ಮಹಡಿಯ ಮೇಲೆ ಕಾಯಂ ಆಗಿ ಕಟ್ಟಿಹಾಕಿದಂತೆಯೇ ಸರಿ. ತೇಗದ ಜಂತೆಯನ್ನು ಲೆಕ್ಕಹಾಕಿ ಇಟ್ಟವರು ಆನೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ತಾರಸಿ ತೋಟದ ಲೆಕ್ಕ ಇನ್ನೂ ಕಠಿಣ. ಒಂದು ಅಡಿ ಆಳದ ಒದ್ದೆ ಮಣ್ಣು ಚದರ ಮೀಟರಿಗೆ 500 ಕಿಲೊ ದಾಟುತ್ತದೆ. ವಾಸದ ಕೋಣೆಯ ನೆಲದ ಮೇಲೆ ಜನ, ಸಾಮಾನು ಎಲ್ಲ ಸೇರಿ ಬೀಳಬಹುದಾದ ಭಾರವೆಂದು ನಮ್ಮ ಭಾರತೀಯ ಮಾನಕ ಹಿಡಿಯುವುದು ಚದರ ಮೀಟರಿಗೆ ಸುಮಾರು 200 ಕಿಲೊ ಮಾತ್ರ. ಹೊಸ ಕಟ್ಟಡದಲ್ಲಾದರೆ ಇದಕ್ಕೆ ಮೊದಲೇ ತಯಾರಿ ಮಾಡಿಕೊಳ್ಳಬಹುದು. ಹಳೆಯದರಲ್ಲಿ ಕುಂಡ, ಮಣ್ಣಿನ ಬದಲು ತೆಂಗಿನ ನಾರಿನ ಪುಡಿ ಎಂದು ಬೇರೆ ಉಪಾಯ ಹುಡುಕಬೇಕಾಗುತ್ತದೆ.

ಒಡೆದ ಮಣ್ಣಿಗೂ ತೂಕವಿದೆ ಎಂಬುದನ್ನು ಅನುಭವಸ್ಥರೂ ಮರೆಯುವುದುಂಟು. ಹತ್ತಡಿ ಉದ್ದ, ಹತ್ತಡಿ ಎತ್ತರ, ಒಂಬತ್ತು ಅಂಗುಲ ದಪ್ಪದ ಇಟ್ಟಿಗೆ ಗೋಡೆ ಸುಮಾರು 4 ಟನ್ ತೂಗುತ್ತದೆ. ಬಾಂಡ್ಲಿಗೆ 20 ಕಿಲೊ ಎಂದರೂ ಇನ್ನೂರು ಬಾಂಡ್ಲಿ. ಸಂಜೆಯಾಯಿತೆಂದು ಅದನ್ನೆಲ್ಲ ಮಹಡಿಯ ಮೂಲೆಯಲ್ಲೇ ಗುಡ್ಡೆ ಹಾಕಿ ಹೋದರೆ ಅಡಿಯ ಮಾಳಿಗೆಯ ಗತಿ ಏನು? ಒಳ್ಳೆಯ ಸೂಪರ್‌ವೈಸರ್ ಅಂದಂದಿನ ಮಣ್ಣನ್ನು ಅಂದೇ ಕೆಳಗಿಳಿಸುತ್ತಾನೆ. ಅದನ್ನು ಪಾಲಿಕೆ ಗೊತ್ತುಮಾಡಿದ ಜಾಗಕ್ಕೆ ಸಾಗಿಸದೆ ರಾತ್ರೋರಾತ್ರಿ ಕೆರೆಯಂಚಿಗೆ ಸುರಿಯುವವರೂ ಇದ್ದಾರೆ. ಬೆಂಗಳೂರಿನ ಕೆರೆಗಳ ಅಂಚನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಸುಣ್ಣ ಮತ್ತು ಸಿಮೆಂಟಿನ ಜಗಳ. ಸುಣ್ಣದ ಗಾರೆಯ ಗೋಡೆ ಮಳೆಗಾಲದ ತೇವವನ್ನು ಹೀರಿ, ಬಿಸಿಲಿಗೆ ಆವಿಯಾಗಿ ಬಿಡುತ್ತದೆ. ಗಟ್ಟಿಯಾಗಲಿ ಎಂದು ಅದರ ಮೇಲೆ ಸಿಮೆಂಟು ಬಳಿದು, ಮೇಲೊಂದು ಹೊಳೆಯುವ ಬಣ್ಣ ಹಚ್ಚಿದರೆ ತೇವಕ್ಕೆ ಹೊರಹೋಗುವ ದಾರಿಯೇ ಇಲ್ಲ. ಎರಡು ಮಳೆಗಾಲದಲ್ಲಿ ಬಿಳಿ ಉಪ್ಪು ಹೊಮ್ಮಿ ಗಿಲಾವು ಹಪ್ಪಳದಂತೆ ಏಳುತ್ತದೆ. ಮತ್ತೆ ಸುಣ್ಣದ್ದೇ ಗಿಲಾವು ಮಾಡಿಸೋಣವೆಂದರೆ ಅದನ್ನು ಬಲ್ಲ ಗಾರೆಯವರು ವಿರಳ. ಅವರನ್ನು ಹುಡುಕಿ ತರುವ, ಅವರಿಂದ ತಾನೂ ಕಲಿಯುವ ಎಂಜಿನಿಯರ್‌ಗೆ ಈ ವೃತ್ತಿಯಲ್ಲಿ ಕೆಲಸಕ್ಕೆ ಬರವಿಲ್ಲ.

ಯಾವುದು ಮೊದಲು, ಯಾವುದು ಆಮೇಲೆ

ನವೀಕರಣದಲ್ಲಿ ಹಣ ಪೋಲಾಗುವುದು ದುಬಾರಿ ಸಾಮಗ್ರಿಯಿಂದಲ್ಲ, ಹಿಂದುಮುಂದಾದ ಕೆಲಸದಿಂದ. ಗೋಡೆಯೊಳಗಿನ ತಂತಿ, ನೀರಿನ ಕೊಳವೆ ಮುಗಿಯುವ ಮೊದಲೇ ಗಿಲಾವು ಆದರೆ ಮತ್ತೆ ಕೊರೆಯಬೇಕು. ಬಡಗಿಯ ಕೆಲಸಕ್ಕೆ ಮೊದಲು ಬಣ್ಣವಾದರೆ ಮರದ ಧೂಳು ಅಂಟುತ್ತದೆ. ಗೋಡೆ ಪೂರ್ತಿ ಒಣಗುವ ಮೊದಲು ಕಪಾಟು ಕೂರಿಸಿದರೆ ಪ್ಲೈವುಡ್ ಉಬ್ಬುತ್ತದೆ. ಎಲ್ಲಕ್ಕಿಂತ ದೊಡ್ಡ ಪಾಠ ಸ್ನಾನದ ಮನೆಯದು.

ಸ್ನಾನದ ಮನೆಯ ನೆಲಕ್ಕೆ ನೀರು ತಡೆಯುವ ಲೇಪ ಬಳಿದ ಮೇಲೆ, ಟೈಲ್ಸ್ ಹಾಕುವ ಮೊದಲು, ಹೊರಹೋಗುವ ಕೊಳವೆಯ ಬಾಯಿ ಮುಚ್ಚಿ ಒಂದೆರಡು ದಿನ ನೀರು ನಿಲ್ಲಿಸಬೇಕು. ಕೆಳಗಿನ ಕೋಣೆಯಲ್ಲಿ ನಿಂತು ಮೇಲೆ ನೋಡಬೇಕು. ಇಷ್ಟೇ ಪರೀಕ್ಷೆ. ನಮ್ಮ ಮನೆಯಲ್ಲಿ ಕಂಟ್ರಾಕ್ಟರ್ ಗೃಹಪ್ರವೇಶದ ಅವಸರದಲ್ಲಿ ಇದನ್ನು ಬಿಟ್ಟ, ನಾವೂ ಕೇಳಲಿಲ್ಲ. ಮೂರೇ ತಿಂಗಳಲ್ಲಿ ಕೆಳಗಿನ ಹಾಲಿನ ಸೂರಿನ ಮೇಲೆ ಬೀದರಿನಿಂದ ಚಾಮರಾಜನಗರದವರೆಗಿನ ಕರ್ನಾಟಕದ ನಕ್ಷೆ ಮೂಡಿತ್ತು. ಹಾಕಿದ ಟೈಲ್ಸ್ ಅಷ್ಟೂ ಒಡೆಸಿ ಮತ್ತೆ ಹಾಕಿಸಿದ ಖರ್ಚಿನಲ್ಲಿ ಮಗಳ ಒಂದು ವರ್ಷದ ಕಾಲೇಜು ಶುಲ್ಕ ಕಟ್ಟಬಹುದಿತ್ತು.

ಕಾಯುವುದೂ ಒಂದು ಕೆಲಸ. ಹೊಸದಾಗಿ ಹಾಕಿದ ಕಾಂಕ್ರೀಟ್ ಸ್ಲ್ಯಾಬು 4.5 ಮೀಟರ್‌ವರೆಗಿನ ಅಗಲದ್ದಾದರೆ ಅದರಡಿಯ ಆಸರೆಯನ್ನು ಕನಿಷ್ಠ 7 ದಿನ, ಅದಕ್ಕೂ ಅಗಲವಾದರೆ 14 ದಿನ ತೆಗೆಯಬಾರದೆಂದು ಭಾರತೀಯ ಮಾನಕ 456 ಹೇಳುತ್ತದೆ. ಸೆಂಟ್ರಿಂಗ್‌ನವನಿಗೆ ಅವನ ಹಲಗೆ ಬೇರೆ ಸೈಟಿಗೆ ಬೇಕು. ಅವನು ಐದನೇ ದಿನವೇ ಬಂದು ನಿಲ್ಲುತ್ತಾನೆ. ಡೈರಿಯಲ್ಲಿ ತಾರೀಕು ಬರೆದಿಟ್ಟುಕೊಂಡವನು ಮಾತ್ರ ಅವನಿಗೆ 'ಆಗದು' ಎನ್ನಬಲ್ಲ.

ಅಮೃತಶಿಲೆಯ ಹಲಗೆಗಳದು ಬೇರೆಯೇ ಗೋಳು. ಒಂಬತ್ತು ಅಡಿ ಉದ್ದ, ಐದು ಅಡಿ ಅಗಲದ ಒಂದು ಹಲಗೆ ಇನ್ನೂರು ಕಿಲೊ ಮೀರುತ್ತದೆ. ಅದನ್ನು ಮಲಗಿಸಿದರೆ ಬಿರುಕು, ನೆಟ್ಟಗೆ ನಿಲ್ಲಿಸಿದರೆ ಜಾರಿ ಮೈಮೇಲೆ ಬೀಳುವ ಭಯ. ಓರೆಯಾದ ಕಬ್ಬಿಣದ ಚೌಕಟ್ಟಿಗೆ ಆನಿಸಿ ಕಟ್ಟಬೇಕು. ಇಳಿಸುವಾಗ ನಡುವೆ ಯಾರೂ ನಿಲ್ಲಕೂಡದು. ಹಾಸಿದ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಿದು ಮುಚ್ಚಿಡುತ್ತಾರೆ. ಮನೆಗೆ ಬರುವ ನೆಂಟರು 'ಇದೇನು, ಇಷ್ಟು ದುಡ್ಡು ಕೊಟ್ಟು ಸುಣ್ಣದ ನೆಲವೆ?' ಎಂದು ಕೇಳುವುದು ಈ ಹಂತದಲ್ಲಿಯೇ. ಬಣ್ಣ, ಬಡಗಿ, ದೀಪ ಎಲ್ಲ ಮುಗಿದು ಕಟ್ಟಕಡೆಗೆ ಆ ಹೊದಿಕೆ ಕೀಳುವ ದಿನ ನೆಲದ ಹೊಳಪು ಮೊದಲ ಬಾರಿ ಕಾಣುತ್ತದೆ.

ಶನಿವಾರದ ಬಟವಾಡೆ

ಸೈಟಿನಲ್ಲಿ ಕನ್ನಡ, ತೆಲುಗು, ತಮಿಳು, ಹಿಂದಿ, ಬಂಗಾಳಿ ಎಲ್ಲವೂ ಕೇಳಿಸುತ್ತವೆ. ಗಾರೆ ಕೆಲಸಕ್ಕೆ ರಾಯಚೂರು, ಯಾದಗಿರಿ ಕಡೆಯವರು ಬಂದರೆ ಅಮೃತಶಿಲೆಗೆ ರಾಜಸ್ಥಾನದವರು, ಮರದ ಪಾಲಿಶಿಗೆ ಉತ್ತರ ಪ್ರದೇಶದವರು. ಕಾಲೇಜಿನಿಂದ ಆಗಷ್ಟೇ ಹೊರಬಂದ ಹುಡುಗ ಇಪ್ಪತ್ತು ವರ್ಷ ಕರಣೆ ಹಿಡಿದ ಮೇಸ್ತ್ರಿಗೆ ಆಜ್ಞೆ ಮಾಡಹೊರಟರೆ ಮೊದಲ ವಾರವೇ ಮುಖಭಂಗ. 'ನೀವು ಹೇಗೆ ಮಾಡ್ತೀರಿ ಮೇಸ್ತ್ರೀ, ತೋರಿಸಿ' ಎಂದವನು ಬೇಗ ಕಲಿಯುತ್ತಾನೆ. ಹಾಗೆಂದು ರಸಮಟ್ಟ ಇಟ್ಟು, ತೂಗುಗುಂಡು ಬಿಟ್ಟು ತಾನೇ ನೋಡದೆ ಸಹಿ ಹಾಕುವಂತಿಲ್ಲ. ಶನಿವಾರ ಸಂಜೆಯ ಬಟವಾಡೆ ತಪ್ಪಿದರೆ ಸೋಮವಾರ ಸೈಟು ಖಾಲಿ. ಹಾಜರಿ ಪುಸ್ತಕ ಸರಿಯಾಗಿಟ್ಟವನಿಗೆ ಜಗಳವಿಲ್ಲ.

ಶ್ರೀಮಂತರ ಮನೆಯ ಕೆಲಸದಲ್ಲಿ ಬಡವರ ಶ್ವಾಸಕೋಶಕ್ಕೆ ಬೆಲೆಯಿಲ್ಲವೆಂಬಂತೆ ನಡೆದುಕೊಳ್ಳುವವರು ಕಡಿಮೆಯೇನಿಲ್ಲ. ಗ್ರಾನೈಟನ್ನು ಒಣದಾಗಿ ಕೊಯ್ದಾಗ ಏಳುವ ಧೂಳಿನಲ್ಲಿ ಸಿಲಿಕ ಇರುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಸಿಲಿಕೋಸಿಸ್ ಬರುತ್ತದೆ, ಅದು ವಾಸಿಯಾಗುವ ರೋಗವಲ್ಲ. ನೀರು ಹಾಯಿಸುತ್ತ ಕೊಯ್ದರೆ ಧೂಳು ಬಹುಮಟ್ಟಿಗೆ ಅಡಗುತ್ತದೆ. ಕಲ್ಲು ಕೊಯ್ಯುವ ಯಂತ್ರದ ತಂತಿಗೆ ಪ್ಲಗ್ಗಿಲ್ಲದೆ ಬರೀ ತುದಿಗಳನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿಯಿಂದ ಬಿಗಿದಿರುವುದನ್ನು ನೀವೂ ಕಂಡಿರಬಹುದು. ಅಲ್ಲೇ ಪಕ್ಕದಲ್ಲಿ ನೀರು ಹರಿಯುತ್ತಿರುತ್ತದೆ! ಸೋರುವ ವಿದ್ಯುತ್ತನ್ನು ಗುರುತಿಸಿ ಕ್ಷಣಾರ್ಧದಲ್ಲಿ ಕಡಿದುಹಾಕುವ 30 ಮಿಲಿಆಂಪಿಯರಿನ ಸ್ವಿಚ್ಚು ಒಂದು ಜೀವಕ್ಕೆ ಹೋಲಿಸಿದರೆ ಪುಡಿಗಾಸು. ಕೆಲಸ ಆರಂಭಿಸುವ ದಿನವೇ ಅದನ್ನು ಹಾಕಿಸದ ಸೈಟಿನಲ್ಲಿ ಇಟಲಿಯ ಕಲ್ಲಿನ ಬಗ್ಗೆ ಮಾತಾಡುವುದು ನನಗಂತೂ ಅಸಹ್ಯವೆನಿಸುತ್ತದೆ.

ಕಟ್ಟಡ ಕಾರ್ಮಿಕರಿಗಾಗಿಯೇ ಸಂಸತ್ತು 1996ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಕರ್ನಾಟಕದಲ್ಲಿ ಇವರಿಗೊಂದು ಕಲ್ಯಾಣ ಮಂಡಳಿಯೂ ಇದ್ದು, ಹೆಸರು ನೋಂದಾಯಿಸಿಕೊಂಡವರ ಮಕ್ಕಳ ಓದಿಗೆ ಸಹಾಯಧನವಿದೆ. ನೋಂದಣಿಗೆ ಕೆಲಸ ಮಾಡಿದ ದಿನಗಳ ಪುರಾವೆ ಬೇಕು. ಅದನ್ನು ಬರೆದುಕೊಡಲು ಸೈಟ್ ಎಂಜಿನಿಯರ್‌ಗೆ ಐದು ನಿಮಿಷ ಸಾಕು.

ಯಜಮಾನರ ವಿಷಯ ಹೇಳದಿದ್ದರೆ ಲೇಖನ ಪೂರ್ತಿಯಾಗದು. ಅವರು ಬಂದಾಗಲೆಲ್ಲ ಹೊಸದೊಂದು ಯೋಚನೆ ತರುತ್ತಾರೆ. 'ಇಲ್ಲೊಂದು ಕಿಟಕಿ ಇದ್ದಿದ್ದರೆ...' ಎಂಬ ಅರ್ಧ ವಾಕ್ಯಕ್ಕೆ ಲಕ್ಷ ರೂಪಾಯಿ ಖರ್ಚಿರಬಹುದು. ಬಾಯಿಮಾತಿಗೆ ಒಪ್ಪಿ ಮಾಡಿಸಿದರೆ ಬಿಲ್ಲಿನ ದಿನ 'ನಾನು ಹೇಳಲೇ ಇಲ್ಲ' ಎಂಬ ಮಾತು ಬರುತ್ತದೆ. ಬದಲಾವಣೆ ಏನು, ಖರ್ಚು ಎಷ್ಟು, ದಿನ ಎಷ್ಟು ಹೆಚ್ಚು ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಂಡ ಮೇಲೆಯೇ ಮುಂದಿನ ಹೆಜ್ಜೆ. ಹಳೆಯ ಮನೆ ಎಂದಮೇಲೆ ಗೆದ್ದಲು ತಿಂದ ಚೌಕಟ್ಟು, ತುಕ್ಕು ಹಿಡಿದ ಕೊಳವೆ ಎಂದು ಒಂದಲ್ಲ ಒಂದು ಹೊರಬೀಳುವುದೇ. ಅಂದಾಜಿನಲ್ಲಿ ನೂರಕ್ಕೆ ಹತ್ತು ಹದಿನೈದರಷ್ಟನ್ನು ಇದಕ್ಕೆಂದೇ ತೆಗೆದಿರಿಸಿ ಎಂದು ಮೊದಲ ದಿನವೇ ಹೇಳುವುದು ಮೇಲು.

ಓದು ಎಲ್ಲಿಂದ?

ದಾರಿ ಹಲವು. ಎಸ್ಸೆಸ್ಸೆಲ್ಸಿ ನಂತರ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಸಿವಿಲ್ ಡಿಪ್ಲೊಮಾ ಮಾಡಿದವರಿಗೆ ಈ ಕ್ಷೇತ್ರದಲ್ಲಿ ನೇರ ಪ್ರವೇಶ. ಮುಂದೆ ಓದಬೇಕೆಂದರೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ಸೇರಬಹುದು. ವಿನ್ಯಾಸದತ್ತ ಒಲವಿದ್ದರೆ ಪಿಯುಸಿ ನಂತರ ನಾಟಾ ಪರೀಕ್ಷೆ ಬರೆದು ಐದು ವರ್ಷದ ಬಿ.ಆರ್ಕ್. ನಿರ್ಮಾಣ ನಿರ್ವಹಣೆಯನ್ನೇ ವಿಶೇಷವಾಗಿ ಓದಬಯಸುವ ಪದವೀಧರರಿಗೆ ನಿಕ್ಮಾರ್‌ನಂಥ ಸಂಸ್ಥೆಗಳಿವೆ. ಆದರೆ ಒಂದು ಮಾತು. ಸುಣ್ಣದ ಗಾರೆ, ತೇಗದ ಜಂತೆ, ಹಳೆಯ ಮನೆಯ ಬಿರುಕು ಓದುವ ವಿದ್ಯೆ ಸಾಮಾನ್ಯ ಪಠ್ಯದಲ್ಲಿ ಸಿಗುವುದು ಕಡಿಮೆ. ಅದನ್ನು ಸೈಟಿನಲ್ಲೇ ಕಲಿಯಬೇಕು.

ಬಿಸಿಲು, ಧೂಳು, ರಜೆಯಿಲ್ಲದ ಶನಿವಾರ ಎಂದು ಪಾಲಕರು ಹಿಂಜರಿಯುತ್ತಾರೆ, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ. ಅವರ ಅಂಜಿಕೆ ಪೂರ್ತಿ ಸುಳ್ಳಲ್ಲ. ಶೌಚಾಲಯವಿಲ್ಲದ ಸೈಟುಗಳು ಇನ್ನೂ ಇವೆ. ಮೊದಲ ಒಂದೆರಡು ವರ್ಷ ಸಂಬಳವೂ ಸಾಫ್ಟ್‌ವೇರ್ ಸೇರಿದ ಗೆಳೆಯರಿಗಿಂತ ಕಡಿಮೆಯಿರುತ್ತದೆ. ಸಂಜೆ ಆರಕ್ಕೆ ಕಂಪ್ಯೂಟರ್ ಆರಿಸಿ ಮನೆಗೆ ಬರುವ ಕೆಲಸ ಬೇಕೆನ್ನುವವರು ಇದಕ್ಕೆ ಬರದಿರುವುದೇ ಒಳ್ಳೆಯದು.

ನಿಮ್ಮ ಮಗನಿಗೋ ಮಗಳಿಗೋ ಇದು ಒಗ್ಗುತ್ತದೆಯೇ ಎಂದು ತಿಳಿಯಲು ಅರ್ಜಿ, ಶುಲ್ಕ ಯಾವುದೂ ಬೇಕಿಲ್ಲ. ಈ ಬೇಸಿಗೆ ರಜೆಯಲ್ಲಿ ಅಜ್ಜನ ಊರಿಗೆ ಹೋದಾಗ ಒಂದು ಅಳತೆಪಟ್ಟಿ, ಒಂದು ನೋಟ್‌ಬುಕ್ ಕೈಗೆ ಕೊಡಿ. ಮನೆಯ ನಕ್ಷೆ ಬರೆಯಲಿ. ಮಾಳಿಗೆಯ ಜಂತೆಗಳು ಯಾವ ಗೋಡೆಯಿಂದ ಯಾವ ಗೋಡೆಗೆ ಸಾಗಿವೆ, ಯಾವ ಗೋಡೆ ತಳದಿಂದ ಮೇಲಿನವರೆಗೆ ಒಂದೇ ನೇರದಲ್ಲಿದೆ, ಬಿರುಕು ಎಲ್ಲಿ ಆರಂಭವಾಗಿ ಎಲ್ಲಿ ನಿಂತಿದೆ ಎಂದು ಗುರುತಿಸಲಿ. ಮುಗಿದ ಮೇಲೆ ಅಜ್ಜನಿಗೆ ತೋರಿಸಿ ಸರಿಯಿದೆಯೇ ಎಂದು ಕೇಳಲಿ. ಮನೆ ಕಟ್ಟುವಾಗ ಅವರು ಅಲ್ಲೇ ನಿಂತಿದ್ದಿರಬಹುದು.